ನೂಲು ಹರಿದರೆ ನಿಲ್ಲುವ ಮಗ್ಗ

ನಮ್ಮ ಕಾಲೇಜಿನ ಕನ್ನಡ ಸಂಘದಲ್ಲಿ ಕೆಂಪು ಬಟ್ಟೆಯ ರಟ್ಟಿನ ಹಳೆಯ ಪುಸ್ತಕವೊಂದಿದೆ. ಹಳೆಯ ವಿದ್ಯಾರ್ಥಿಗಳು, ನಿವೃತ್ತ ಅಧ್ಯಾಪಕರು, ಊರಿನ ಸಾಹಿತ್ಯಾಸಕ್ತರು, ಇವರೆಲ್ಲರ ಹೆಸರು ವಿಳಾಸಗಳು ಅದರಲ್ಲಿವೆ. ನಾನು ಅಲ್ಲಿ ವಿದ್ಯಾರ್ಥಿಯಾಗಿದ್ದಾಗ, ಉಪನ್ಯಾಸವೊಂದು ಗೊತ್ತಾಯಿತೆಂದರೆ ನಾವು ನಾಲ್ಕೈದು ಮಂದಿ ಕಲೆತು ಕುಳಿತು ಆಮಂತ್ರಣ ಪತ್ರಿಕೆಗಳ ಮೇಲೆ ವಿಳಾಸ ಬರೆಯುತ್ತಿದ್ದೆವು. ನಮ್ಮ ಮೇಷ್ಟ್ರು ಪುಸ್ತಕ ಹಿಡಿದು ಒಂದೊಂದೇ ಹೆಸರನ್ನು ಓದುವರು, ನಾವು ಬರೆಯುವೆವು. ಒಮ್ಮೊಮ್ಮೆ ಅವರ ಓದು ತಟಕ್ಕನೆ ನಿಲ್ಲುತ್ತಿತ್ತು. ಜೇಬಿನಿಂದ ಕೆಂಪು ಪೆನ್ಸಿಲು ತೆಗೆದು ಆ ಹೆಸರಿನ ಮೇಲೆ ಗೆರೆ ಎಳೆಯುವರು. “ಪಾಪ, ಒಳ್ಳೆಯ ಕಂಠವಿತ್ತು ಅವರಿಗೆ. ಗಮಕ ಬಲ್ಲವರು” ಎಂದೋ ಮತ್ತೇನೋ ಒಂದು ಮಾತನ್ನಾಡಿ, ಕನ್ನಡಕ ಸರಿಪಡಿಸಿಕೊಂಡು ಮುಂದಿನ ಹೆಸರಿಗೆ ಹೋಗುವರು. ನಮಗಾದರೋ ಕೆಲಸ ಮುಗಿಸಿ ಕ್ಯಾಂಟೀನಿಗೆ ಓಡುವ ಆತುರ. ಆ ನಿಲುಗಡೆ ವ್ಯರ್ಥ ಕಾಲಹರಣವೆಂದೇ ಆಗ ತೋರುತ್ತಿತ್ತು.

ಹೋದ ವರ್ಷ ಸಂಘದ ಹೊಣೆ ನನ್ನ ಪಾಲಿಗೆ ಬಂದಿತು. ಹೆಸರುಗಳು ಆರುನೂರನ್ನು ದಾಟಿದ್ದುವು. ಓಲೆಗಳೆಲ್ಲ ಅಂಚೆಯನ್ನು ಬಿಟ್ಟು ಇ-ಮೇಲಿಗೆ ಏರಿದ್ದುವು. ಆದರೂ ತೊಂದರೆ ತಪ್ಪಿರಲಿಲ್ಲ. ಒಬ್ಬರಿಗೆ ಎರಡು ಓಲೆ, ಇನ್ನೊಬ್ಬರಿಗೆ ಒಂದೂ ಇಲ್ಲ. ಸಭೆ ಕಳೆದ ಮರುದಿನ ಆಮಂತ್ರಣ ತಲುಪಿದ್ದೂ ಉಂಟು. ಸಂಘದ ವಿದ್ಯಾರ್ಥಿ ಕಾರ್ಯದರ್ಶಿ ಚುರುಕಾದ ಹುಡುಗ. “ಸಾರ್, ಇದನ್ನೆಲ್ಲ ಕೈಯಲ್ಲಿ ಮಾಡುವ ಕಾಲವೇ ಇದು? ಒಂದು ಸಲ ಜೋಡಿಸಿಬಿಟ್ಟರೆ ತಾನಾಗಿ ನಡೆಯುತ್ತದೆ” ಎಂದ. ತಾನಾಗಿ ನಡೆಯುವುದೆಂದರೆ ಯಾರಿಗೆ ಬೇಡ? ಆಗಲಿ ಎಂದೆ.

ಈ ಜೋಡಣೆಯ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಕೆಲಸಗಳ ಲೆಕ್ಕವಿಡುವ ಸಾಧನಗಳಿವೆ. 2011ರಲ್ಲಿ ಹುಟ್ಟಿದ ಟ್ರೆಲೊ ಅವುಗಳಲ್ಲಿ ಹೆಸರಾದದ್ದು. ತೆರೆಯ ಮೇಲೊಂದು ಹಲಗೆ; ಹಲಗೆಯಲ್ಲಿ ‘ಮಾಡಬೇಕಾದದ್ದು’, ‘ನಡೆಯುತ್ತಿರುವುದು’, ‘ಮುಗಿದದ್ದು’ ಎಂಬ ಸಾಲುಗಳು; ಕೆಲಸಕ್ಕೊಂದು ಕಾರ್ಡು. ಕೆಲಸ ಸಾಗಿದಂತೆ ಕಾರ್ಡನ್ನು ಒಂದು ಸಾಲಿನಿಂದ ಮತ್ತೊಂದಕ್ಕೆ ಸರಿಸಬೇಕು. ಇನ್ನೊಂದು ಬಗೆಯ ಸಾಧನ ಸಾವಿರಾರು ಮಂದಿಗೆ ಒಂದೇ ಸಲಕ್ಕೆ ಇ-ಮೇಲ್ ಕಳುಹಿಸುವಂಥದು. ಅಮೆರಿಕದ ಅಟ್ಲಾಂಟಾ ನಗರದಲ್ಲಿ 2001ರಲ್ಲಿ ಆರಂಭವಾದ ಮೇಲ್‌ಚಿಂಪ್ ಇದಕ್ಕೆ ನಿದರ್ಶನ. ಇವೆರಡರ ನಡುವೆ ದುಭಾಷಿಯಾಗಿ ನಿಲ್ಲುವ ಮೂರನೆಯ ಸಾಧನವೂ ಉಂಟು. 2011ರಲ್ಲಿ ಸ್ಥಾಪಿತವಾದ ಜೇಪಿಯರ್ ಅಂಥದು. ಒಂದು ಕಡೆ ಕಾರ್ಡು ಅಲುಗಿದುದನ್ನು ಈ ದುಭಾಷಿ ಗಮನಿಸುತ್ತದೆ. ಕಾರ್ಡಿನಲ್ಲಿರುವ ವಿಷಯ, ದಿನ, ಸ್ಥಳಗಳನ್ನು ಎತ್ತಿಕೊಂಡು ಓಲೆಯ ಖಾಲಿ ಜಾಗಗಳಲ್ಲಿ ತುಂಬುತ್ತದೆ. ಕಳುಹಿಸೆಂದು ಇನ್ನೊಂದು ಕಡೆಗೆ ಆಜ್ಞಾಪಿಸುತ್ತದೆ.

ಕನ್ನಡದ ಮೇಷ್ಟ್ರಾದ ನನಗೆ ಈ ವಿದ್ಯೆಯೆಲ್ಲ ಒಂದು ಪದದಲ್ಲಿ ಅಡಗಿರುವಂತೆ ಕಂಡಿತು. ಆ ಪದ ‘ಆದರೆ’. ಹೀಗೆ ಆದರೆ, ಹಾಗೆ ಮಾಡು. ಕಾರ್ಡು ‘ಮುಗಿದದ್ದು’ ಸಾಲಿಗೆ ಬಂದರೆ ಆಮಂತ್ರಣ ಹೋಗಲಿ. ಮೂರು ದಿನಗಳೊಳಗೆ ‘ಬರುತ್ತೇನೆ’ ಎಂಬುದನ್ನು ಒತ್ತದಿದ್ದರೆ ನೆನಪಿನ ಓಲೆ ಹೋಗಲಿ. ಇಷ್ಟೆ.

ಮೂರು ತಿಂಗಳು ನಿರಾತಂಕವಾಗಿ ನಡೆಯಿತು. ಓಲೆಗಳು ಹೊತ್ತಿಗೆ ಸರಿಯಾಗಿ ಹೋದುವು. ಸಭೆಗೆ ಜನ ಹೆಚ್ಚಿದರು. ನಾನೂ ಹುಡುಗನ ಬೆನ್ನು ತಟ್ಟಿದೆ. ನಾಲ್ಕನೆಯ ತಿಂಗಳಿನಲ್ಲಿ ನಮ್ಮ ಮೇಷ್ಟ್ರು ತೀರಿಕೊಂಡರು. ನಾವೆಲ್ಲ ಹೋಗಿ ಮಣ್ಣಿಗೆ ನಿಂತು ಬಂದೆವು. ಸಂಘದಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಅದಕ್ಕೂ ಒಂದು ಕಾರ್ಡಿತ್ತು; ಅದನ್ನೂ ‘ಮುಗಿದದ್ದು’ ಸಾಲಿಗೆ ಸರಿಸಿದ್ದಾಯಿತು.

ಮುಂದಿನ ತಿಂಗಳ ಒಂದು ಸಂಜೆ ಮೇಷ್ಟ್ರ ಹೆಂಡತಿ ಫೋನು ಮಾಡಿದರು. ಮೇಷ್ಟ್ರ ಫೋನು ಈಗ ಅವರ ಕೈಯಲ್ಲಿದೆ.

“ನೀನೇ ಬರೆದದ್ದೇನಪ್ಪಾ ಇದು? ಕೆಳಗೆ ನಿನ್ನ ಹೆಸರಿದೆ.”

“ಯಾವುದಮ್ಮಾ?”

ಅವರು ಓದಿ ಹೇಳಿದರು. “‘ಪೂಜ್ಯರೆ, ತಮ್ಮ ಉತ್ತರ ಇನ್ನೂ ಬಂದಿಲ್ಲ. ಸಂಘವನ್ನು ಮರೆತಿಲ್ಲ ತಾನೆ? ತಾವಿಲ್ಲದೆ ಸಭೆಗೆ ಕಳೆಯಿಲ್ಲ.’” ಅನಂತರ ಸ್ವಲ್ಪ ಹೊತ್ತು ಅವರು ಮಾತನಾಡಲಿಲ್ಲ. “ಅವತ್ತು ನೀನೂ ಬಂದಿದ್ದೆಯಲ್ಲ ಮಗು. ಮರೆತವರು ಯಾರು ಅಂತ ಕೇಳೋಣವೆನ್ನಿಸಿತು” ಎಂದರು.

ಯಂತ್ರ ಕಳುಹಿಸಿದ್ದು ಎನ್ನಲು ನನಗೆ ನಾಲಗೆ ಬರಲಿಲ್ಲ. ಆ ಮಾತುಗಳನ್ನು ಬರೆದವನು ನಾನೇ. ಸಹಿ ನನ್ನದೇ. ‘ಕಳೆಯಿಲ್ಲ’ ಎಂಬ ಮಾತು ಎಲ್ಲರಿಗೂ ಹಿತವಾಗಲೆಂದು ಆರಿಸಿ ಹಾಕಿದವನೂ ನಾನೇ.

ರಾತ್ರಿ ಹುಡುಗನನ್ನು ಕೂರಿಸಿಕೊಂಡು ಹುಡುಕಿದೆ. ಸಾಧನಗಳಲ್ಲಿ ಯಾವ ದೋಷವೂ ಇರಲಿಲ್ಲ. ಮೇಷ್ಟ್ರು ಹೋದ ಸಂಗತಿ ಕೆಲಸದ ಹಲಗೆಗೆ ತಿಳಿದಿತ್ತು. ಶ್ರದ್ಧಾಂಜಲಿಯ ಕಾರ್ಡೇ ಸಾಕ್ಷಿ. ವಿಳಾಸದ ಪಟ್ಟಿಗೆ ತಿಳಿದಿರಲಿಲ್ಲ. ನಾವು ಇವೆರಡರ ನಡುವೆ ಹಾಕಿದ್ದು ಒಂದೇ ಒಂದು ದಾರಿ: ಓಲೆ ಕಳುಹಿಸುವ ದಾರಿ. ಹೆಸರು ತೆಗೆಯುವ ದಾರಿ ಬೇಕಾದೀತೆಂದು ಇಬ್ಬರಿಗೂ ಹೊಳೆದಿರಲಿಲ್ಲ. ನಮ್ಮ ‘ಆದರೆ’ಗೆ ಎರಡು ಅರ್ಥಗಳುಂಟು. ‘ಮಳೆ ಆದರೆ ಬಿತ್ತೋಣ’ ಎಂಬುದು ಒಂದು. ‘ಬಿತ್ತಬಹುದು, ಆದರೆ...’ ಎಂದು ರಾಗವೆಳೆದು ತಡೆದು ನಿಲ್ಲುವುದು ಇನ್ನೊಂದು. ಯಂತ್ರಕ್ಕೆ ನಾವು ಮೊದಲನೆಯದನ್ನು ಮಾತ್ರ ಕಲಿಸಿದ್ದೆವು. ಮೇಷ್ಟ್ರ ಕೆಂಪು ಪೆನ್ಸಿಲು ಎರಡನೆಯದು.

ಅನಂತರ ಕುತೂಹಲದಿಂದ ಈ ಹಲಗೆ, ಕಾರ್ಡುಗಳ ವಂಶವನ್ನು ಹಿಡಿದು ಹಿಂದಕ್ಕೆ ಹೋದೆ. ಅದರ ಮೂಲ ಜಪಾನಿನ ಟೊಯೋಟಾ ಮೋಟಾರು ಕಾರ್ಖಾನೆಯಲ್ಲಿ ದೊರೆಯಿತು. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿ ತಾಯಿಚಿ ಓನೊ ಎಂಬ ಇಂಜಿನಿಯರು ಕಾರ್ಡುಗಳ ಪದ್ಧತಿಯನ್ನು ಬೆಳೆಸಿದರು. ಯಾವ ಬಿಡಿಭಾಗ ಎಷ್ಟು ಬೇಕೆಂಬುದನ್ನು ಕಾರ್ಡೇ ತಿಳಿಸುವುದು. ಅದಕ್ಕೆ ‘ಕಾನ್‌ಬಾನ್’ ಎಂದು ಹೆಸರು, ಫಲಕವೆಂದು ಅರ್ಥ. ಆದರೆ ಆ ಮನೆತನದ ಹಿರಿಯ ಸಾಕಿಚಿ ಟೊಯೋಡಾ ಅದಕ್ಕೂ ಹಿಂದೆ, ಮಗ್ಗಗಳನ್ನು ಮಾಡಿ ಹೆಸರಾದವರು. 1924ರಲ್ಲಿ ಪೂರ್ಣಗೊಂಡ ಅವರ ಸ್ವಯಂಚಾಲಿತ ಮಗ್ಗ ವೇಗವಾಗಿ ನೇಯುತ್ತಿತ್ತು. ಅದಕ್ಕಿಂತ ದೊಡ್ಡ ಗುಣವೊಂದಿತ್ತು: ಒಂದು ನೂಲು ಹರಿದರೂ ತಾನಾಗಿಯೇ ನಿಂತುಬಿಡುತ್ತಿತ್ತು. ಹರಿದ ನೂಲಿನೊಡನೆ ಗಜಗಟ್ಟಲೆ ಕೆಟ್ಟ ಬಟ್ಟೆಯನ್ನು ನೇಯುತ್ತ ಹೋಗುತ್ತಿರಲಿಲ್ಲ.

ಈ ಗುಣಕ್ಕೆ ಟೊಯೋಟಾದವರು ‘ಜಿದೋಕಾ’ ಎನ್ನುತ್ತಾರೆ. ಸ್ವಯಂಚಲನೆ ಎಂಬ ಅರ್ಥದ ಜಪಾನಿ ಪದವೇ ಅದು. ಅವರು ಮಾಡಿದ್ದು ಒಂದು ಸಣ್ಣ ತಿದ್ದುಪಡಿ. ‘ಚಲನೆ’ಯನ್ನು ಸೂಚಿಸುವ ಅಕ್ಷರದ ಪಕ್ಕದಲ್ಲಿ ‘ಮನುಷ್ಯ’ನನ್ನು ಸೂಚಿಸುವ ಗುರುತನ್ನು ಸೇರಿಸಿ ಬರೆದರು. ಉಚ್ಚಾರಣೆ ಅದೇ, ಬರವಣಿಗೆಯಲ್ಲಿ ಮಾತ್ರ ಒಬ್ಬ ಮನುಷ್ಯ ಬಂದು ನಿಂತ. ವ್ಯಾಕರಣ ಹೇಳಿ ಹೊಟ್ಟೆ ಹೊರೆಯುವ ನನಗೆ ಇದಕ್ಕಿಂತ ಬೇರೆ ಪಾಠ ಬೇಕಾಗಲಿಲ್ಲ. ನಾವು ಕಾರ್ಡನ್ನು ತಂದುಕೊಂಡೆವು. ಮಗ್ಗವನ್ನು ಮರೆತು ಬಂದೆವು.

ಈಗ ನಮ್ಮ ಜೋಡಣೆಯನ್ನು ತಿದ್ದಿದ್ದೇವೆ. ಕಾರ್ಡು ಸರಿದೊಡನೆ ಓಲೆ ಹೊರಡುವುದಿಲ್ಲ. ಕರಡು ಮಾತ್ರ ಸಿದ್ಧವಾಗುತ್ತದೆ. ಅದು ಮೊದಲು ನನಗೂ ಕಾರ್ಯದರ್ಶಿಗೂ ಬರುತ್ತದೆ. ಹೆಸರುಗಳ ಮೇಲೆ ಕಣ್ಣಾಡಿಸಿದ ಮೇಲೆ ಒಬ್ಬರು ಗುಂಡಿ ಒತ್ತಬೇಕು. ಹಲಗೆಯಲ್ಲಿ ‘ಪಟ್ಟಿಯಿಂದ ತೆಗೆಯಬೇಕಾದವರು’ ಎಂಬ ಹೊಸ ಸಾಲು ಹಾಕಿದ್ದೇವೆ. ಅಲ್ಲಿಗೆ ಬಂದ ಹೆಸರಿಗೆ ಓಲೆಗಳು ಆ ಕ್ಷಣವೇ ನಿಲ್ಲುತ್ತವೆ. ಬೇಡವೆಂದವರಿಗೂ ಇದೇ ದಾರಿ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕೆಂದು 2023ರ ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಹೇಳುತ್ತದೆ. ಹೆಸರುಗಳ ಮೂಲಪಟ್ಟಿ ಒಂದೇ ಕಡೆ ಇರಬೇಕೆಂಬುದನ್ನೂ ಕಲಿತೆವು. ಎರಡು ಕಡೆ ಇದ್ದರೆ, ಇಲ್ಲಿ ಅಳಿಸಿದ ಹೆಸರನ್ನು ಅಲ್ಲಿಂದ ದುಭಾಷಿ ಮತ್ತೆ ಹೊತ್ತು ತರುತ್ತದೆ. ಉಳಿದಂತೆ ದಿನಾಂಕ ತುಂಬುವುದು, ಆರುನೂರು ಪ್ರತಿ ಮಾಡುವುದು, ಯಾರು ಬರುವರೆಂದು ಎಣಿಸುವುದು ಇವೆಲ್ಲ ತಾನಾಗಿಯೇ ನಡೆಯುತ್ತಿವೆ, ನಡೆಯಲಿ. ಅವಕ್ಕೆ ಮನುಷ್ಯ ಬೇಕಿಲ್ಲ.

ಮೇಷ್ಟ್ರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅಮ್ಮ ಕಾಫಿ ಕೊಟ್ಟರು. ಹೆಸರು ತೆಗೆಸಿರುವುದಾಗಿ ಹೇಳಿದಾಗ ಸ್ವಲ್ಪ ಯೋಚಿಸಿ, “ಅವರ ಹೆಸರು ತೆಗಿ. ವಿಳಾಸ ಇರಲಿ. ನಲವತ್ತು ವರ್ಷ ಆ ಮನುಷ್ಯ ಸಭೆಯಿಂದ ಬಂದು ಹೇಳಿದ್ದನ್ನು ಕೇಳಿದ್ದೇನೆ, ಒಂದು ಸಲ ನಾನೇ ಬಂದು ಕೇಳುತ್ತೇನೆ” ಎಂದರು.

ಮರಳಿ ಬಂದು ಆ ಕೆಂಪು ರಟ್ಟಿನ ಪುಸ್ತಕವನ್ನು ಬೀರುವಿನಿಂದ ತೆಗೆದೆ. ಮೇಷ್ಟ್ರ ಹೆಸರಿನ ಮೇಲೆ ಗೆರೆ ಎಳೆದು, ಕೆಳಗೆ ಅಮ್ಮನ ಹೆಸರು ಬರೆದೆ. ಆ ತಿಂಗಳ ಆಮಂತ್ರಣಗಳಲ್ಲಿ ಒಂದನ್ನು ಮಾತ್ರ ಕೈಯಲ್ಲಿ ಬರೆದು, ಅಂಚೆಚೀಟಿ ಹಚ್ಚಿ, ನಾನೇ ಹೋಗಿ ಡಬ್ಬಿಗೆ ಹಾಕಿ ಬಂದೆ.