ಮುಳುಗಲೂಬಾರ್ದು, ಮೇಲಕ್ಕೆ ನುಗ್ಗಲೂಬಾರ್ದು

ಪಿರಿಯಾಪಟ್ಟಣದ ಹೈಕಳೂ ಈಗ ಮುರುಡೇಶ್ವರಕ್ಕೆ ಹೋದ್ರೆ ದೇವ್ರ ದರ್ಶನಕ್ಕೇ ನಿಲ್ಲಾಕಿಲ್ಲ. ದೋಣಿ ಹತ್ತಿ ನೇತ್ರಾಣಿ ದ್ವೀಪದ ತಾವು ಸ್ಕೂಬಾ ಡೈವಿಂಗ್ ಮಾಡ್ತವೆ. ಹೋಗ್ಲಿ ಕಣ್ರಕ್ಕ, ಬ್ಯಾಡ ಅನ್ಬೇಡಿ. ಒಂದಿನಕ್ಕೆ ಹೋಗೋರನ್ನ ಕಲಿಸೋರೇ ಹಿಡ್ಕೊಂಡಿರ್ತಾರೆ. ಆದ್ರೆ ಕೋರ್ಸಿಗೇ ಸೇರೋ ಮಗಳನ್ನ ಒಂದು ಮಾತು ಕೇಳಿ: "ಮಾಸ್ಕಿಗೆ ನೀರು ಬಂದ್ರೆ ತೇಲ್ಕೊಂಡೇ ತೆಗೆಯಾಕೆ ಬತ್ತದಾ?"

ಸುಮಾರು ಕಡೆ ಈಜುಕೊಳದ ತಳದಲ್ಲಿ ಮಂಡಿಯೂರಿಸಿ ಇದನ್ನ ಕಲಿಸ್ತಾರೆ. ಅಷ್ಟೇ ಸಾಲ್ದು ಅಂತೀನಿ ನಾನು. ಸಮುದ್ರದ ನಡುನೀರಲ್ಲಿ ಮಂಡಿಯೂರಾಕೆ ನೆಲ ಎಲ್ಲದೆ? ಹವಳದ ಮೇಲೆ ಊರಿದ್ರೆ ಅದು ಮುರೀತದೆ.

ಮಾಸ್ಕಿನ ಮೇಲಂಚನ್ನ ಹಣೆಗೊತ್ತಿ, ಮುಖ ಸ್ವಲ್ಪ ಎತ್ತಿ, ಮೂಗಲ್ಲಿ ಉಸಿರು ಬುಟ್ರೆ ನೀರು ಕೆಳಗಿಂದ ಆಚೆ ಹೋಯ್ತದೆ. ಕೈಕೆಲ್ಸ ಇಷ್ಟೇ. ಕಷ್ಟ ಇರೋದು ಉಸಿರಲ್ಲಿ. ಹದವಾಗಿ ಉಪ್ಪು ಬೆರೆಸಿದ ನೀರಲ್ಲಿ ಮೊಟ್ಟೆ ನಡುವೆ ನಿಂತಂಗೆ ಮೈ ನಿಂತಿರ್ಬೇಕು. ಜೋರಾಗಿ ಉಸಿರೆಳೆದ್ರೆ ಮೇಲಕ್ಕೆ, ಪೂರ್ತಿ ಬುಟ್ರೆ ಕೆಳಕ್ಕೆ. ಮೂಗಿಗೆ ನೀರು ಬಂದ ಗಾಬರೀಲಿ ಉಸಿರು ಬಿಗಿಹಿಡಿದು ಮೇಲಕ್ಕೆ ನುಗ್ಗಿದ್ರೆ ಜೀವಕ್ಕೇ ಅಪಾಯ. 10 ಮೀಟರ್ ಆಳದಲ್ಲಿ ಎಳೆದ ಗಾಳಿ ಮೇಲೆ ಬರೋಹೊತ್ಗೆ ಎರಡರಷ್ಟಾಯ್ತದೆ, ಶ್ವಾಸಕೋಶ ಹರೀಬೌದು.

ನಮ್ಮ ಕಡೆ ಬಾವೀಲಿ ಈಜು ಕಲಿಯೋರ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟೋರು. ಅದ ಬಿಚ್ಚಿದ್ಮೇಲೇ ಈಜು ಬಂತು ಅನ್ನೋದು. ಊರಿದ ಮಂಡಿನೂ ಸೋರೆಬುರುಡೆನೇ. ಮೊದ್ಲು ಊರ್ಲಿ, ಆಮ್ಯಾಕೆ ಬುಡಿಸ್ಲಿ. ದುಡ್ಡು ಕಟ್ಟೋಕ್ ಮುಂಚೆ ಕಲಿಸೋರನ್ನ ಇದೊಂದು ಕೇಳಿ.