ತೂತು ಬೀಳುವ ಮೊದಲೇ ತುಟಿ ಎತ್ತಿ ನೋಡಿ

‘ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತದೆ. ಅದಕ್ಕೇಕೆ ಡಾಕ್ಟರು?’ ಈ ಮಾತನ್ನು ನೀವು ಕೇಳಿರುತ್ತೀರಿ, ಆಡಿಯೂ ಇರಬಹುದು. ಮುಂದಿನ ಹಾಲುಹಲ್ಲು ಆರೇಳು ವರ್ಷಕ್ಕೆ ಬೀಳುತ್ತದೆ, ನಿಜ. ಆದರೆ ದವಡೆಯ ಹಾಲುಹಲ್ಲು ಹತ್ತು ಹನ್ನೆರಡು ವರ್ಷದವರೆಗೆ ಇರಬೇಕಾದದ್ದು. ಎರಡು ವರ್ಷಕ್ಕೇ ಅದು ಹುಳುಕಾದರೆ ಮಗು ಉಳಿದ ವರ್ಷಗಳನ್ನು ಕಳೆಯುವುದು ಹೇಗೆ? ನೋವಿನಿಂದ ಊಟ ಬಿಡುತ್ತದೆ, ರಾತ್ರಿ ನಿದ್ದೆಗೆಡುತ್ತದೆ, ತೂಕ ಏರುವುದಿಲ್ಲ. ಹಲ್ಲು ಬೇಗ ಕಿತ್ತರೆ ಕೆಳಗಿನಿಂದ ಬರುವ ಶಾಶ್ವತ ಹಲ್ಲು ಜಾಗವಿಲ್ಲದೆ ವಕ್ರವಾಗುತ್ತದೆ.

ತುಂಗಭದ್ರೆಯ ದಂಡೆಯ ಬುಕ್ಕಸಾಗರದಿಂದ ಕಂಪ್ಲಿಯವರೆಗಿನ ಸೀಮೆಯನ್ನೇ ತೆಗೆದುಕೊಳ್ಳಿ. ಕಾಲುವೆ ನೀರು ಹರಿಯುವ ಕಡೆ ಬಾಳೆ, ಭತ್ತ, ಕಬ್ಬು. ಕಬ್ಬು ಇದ್ದ ಕಡೆ ಬೆಲ್ಲದ ಗಾಣ. ಅಳುವ ಮಗುವಿನ ಕೈಗೆ ಬೆಲ್ಲದ ಚೂರು ಕೊಟ್ಟು ಸಮಾಧಾನ ಮಾಡುವುದು ಇಲ್ಲಿ ಪ್ರೀತಿಯ ರೂಢಿ. ‘ಸಕ್ಕರೆ ಕೆಟ್ಟದ್ದು, ಬೆಲ್ಲ ಒಳ್ಳೆಯದು’ ಎಂಬ ನಂಬಿಕೆಯೂ ಗಟ್ಟಿ. ಆದರೆ ಹಲ್ಲಿಗೆ ಈ ಭೇದ ತಿಳಿಯದು. ಬೆಲ್ಲದ ಬಹುಪಾಲು ಸಕ್ಕರೆಯೇ, ಸಾಲದ್ದಕ್ಕೆ ಅದು ಹಲ್ಲಿಗೆ ಅಂಟುತ್ತದೆ. ಬಾಯಿಯ ರೋಗಾಣುಗಳು ಸಿಹಿಯನ್ನು ಆಮ್ಲವಾಗಿಸುತ್ತವೆ. ಅದನ್ನು ಶಮನ ಮಾಡಲು ಜೊಲ್ಲಿಗೆ ಅರ್ಧ ಗಂಟೆಗೂ ಹೆಚ್ಚು ಸಮಯ ಬೇಕು. ಹಬ್ಬದ ಹೋಳಿಗೆಯನ್ನು ಊಟದ ಜೊತೆ ತಿಂದರೆ ಹಲ್ಲು ಸುಧಾರಿಸಿಕೊಳ್ಳುತ್ತದೆ. ಗಳಿಗೆಗೊಮ್ಮೆ ಚೂರು ಬೆಲ್ಲ, ಸಿಹಿ ಚಹಾದಲ್ಲಿ ಅದ್ದಿದ ಬಿಸ್ಕತ್ತು ಕೊಟ್ಟರೆ ಹಲ್ಲಿಗೆ ಬಿಡುವೇ ಸಿಗದು. ಎಷ್ಟು ತಿಂದಿತು ಎನ್ನುವುದಕ್ಕಿಂತ ಎಷ್ಟು ಸಲ ತಿಂದಿತು ಎಂಬುದನ್ನು ಮೊದಲು ಎಣಿಸಿ.

ನನ್ನ ಅಭಿಪ್ರಾಯ ಇಷ್ಟೇ: ಮಗುವಿನ ಹಲ್ಲಿನಲ್ಲಿ ತೂತು ಇದೆಯೇ ಎಂದು ಹುಡುಕುವುದು ತಡವಾದ ಕೆಲಸ. ಈ ಮಗುವಿಗೆ ತೂತು ಬೀಳುವ ಸಂಭವ ಎಷ್ಟು ಎಂದು ಮೊದಲೇ ಅಳೆಯಬೇಕು. ಈಗಾಗಲೇ ಹುಳುಕು ಹಲ್ಲಿರುವ ಮಗುವಿಗೆ ಮತ್ತೆ ಹುಳುಕು ಬರುವ ಸಾಧ್ಯತೆ ಹೆಚ್ಚೆಂದು ವೈದ್ಯಶಾಸ್ತ್ರ ಬಲ್ಲುದು. ಆದರೆ ಆ ಸೂಚನೆ ಕಾಣುವ ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ. ಅದಕ್ಕೂ ಮೊದಲೇ ತಿಳಿಯಲು ಮನೆಯಲ್ಲೇ ಐದು ಪ್ರಶ್ನೆ ಕೇಳಿಕೊಳ್ಳಿ.

1. ತಾಯಿಗೆ, ಮಗುವಿಗೆ ಉಣಿಸುವ ಅಜ್ಜಿಗೆ ಅಥವಾ ಅಕ್ಕ-ಅಣ್ಣಂದಿರಿಗೆ ಹುಳುಕು ಹಲ್ಲು ಇದೆಯೇ? ರೋಗಾಣು ಎಂಜಲಿನ ಮೂಲಕ ದಾಟುತ್ತದೆ, ಒಂದು ಮನೆಯ ಊಟದ ರೂಢಿಯೂ ಒಂದೇ.

2. ಊಟದ ನಡುವೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ಸಿಹಿ ತಿನಿಸು, ಸಿಹಿ ಪಾನೀಯ ಹೋಗುತ್ತದೆಯೇ? ನಿತ್ಯ ಕುಡಿಸುವ ಸಿಹಿ ಸಿರಪ್ಪನ್ನೂ ಲೆಕ್ಕಕ್ಕೆ ಹಿಡಿಯಿರಿ.

3. ಸಿಹಿ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಗು ಮಲಗುತ್ತದೆಯೇ? ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಲು ಹಲ್ಲಿನ ಮೇಲೆಯೇ ನಿಲ್ಲುತ್ತದೆ. ಇದನ್ನು ಓದಿ ಎದೆಹಾಲು ಬಿಡಿಸಬೇಡಿ, ಬಿಡಿಸಬೇಕಾದದ್ದು ಬಾಟಲಿಯನ್ನು.

4. ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆರಡು ಸಲ ದೊಡ್ಡವರೇ ಹಲ್ಲುಜ್ಜಿಸುತ್ತಾರೆಯೇ? ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಪೇಸ್ಟ್ ಸಾಕು.

5. ಮೇಲಿನ ತುಟಿ ಎತ್ತಿ ನೋಡಿದರೆ ಮುಂದಿನ ಹಲ್ಲುಗಳ ಮೇಲೆ ಪಾಚಿ ಕಾಣುತ್ತದೆಯೇ? ಒಸಡಿನ ಅಂಚಿನಲ್ಲಿ ಸೀಮೆಸುಣ್ಣದಂಥ ಬಿಳಿ ಗೆರೆ ಇದೆಯೇ?

ಬಿಳಿ ಗೆರೆಯೊಂದೇ ಕಂಡರೂ ಅಪಾಯ ಹೆಚ್ಚೆಂದು ತಿಳಿಯಿರಿ. ಅದು ಹುಳುಕಿನ ಮೊದಲ ಮೆಟ್ಟಿಲು, ಹಿಂದಿರುಗಬಹುದಾದ ಮೆಟ್ಟಿಲೂ ಹೌದು. ದಂತವೈದ್ಯರು ಫ್ಲೋರೈಡ್ ವಾರ್ನಿಷ್ ಬಳಿದು, ಮನೆಯವರು ರೂಢಿ ತಿದ್ದಿಕೊಂಡರೆ ಹಲ್ಲು ಮತ್ತೆ ಗಟ್ಟಿಯಾಗಬಲ್ಲದು. ಇಂಥ ಮಗುವನ್ನು ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಬಿಳಿ ಗೆರೆ ಇಲ್ಲದಿದ್ದರೂ ಉಳಿದ ಉತ್ತರಗಳಲ್ಲಿ ಎರಡು ಮೂರು ಪ್ರತಿಕೂಲವಾಗಿದ್ದರೆ ತಡಮಾಡದೆ ಒಮ್ಮೆ ತೋರಿಸಿ. ಬಳ್ಳಾರಿ ಭಾಗದ ಕೆಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅತಿಯಾಗಿದ್ದು, ಅದರಿಂದಲೂ ಹಲ್ಲಿನ ಮೇಲೆ ಬಿಳಿ ಮಚ್ಚೆ ಏಳಬಹುದು. ಯಾವುದು ಯಾವುದೆಂದು ವೈದ್ಯರೇ ಹೇಳಲಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕದ್ದಲ್ಲ, ನಿಮ್ಮ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿಕೊಳ್ಳಿ.

ಇದೆಲ್ಲ ಮನೆಯವರ ಹೊಣೆ ಮಾತ್ರವೇ? ಅಲ್ಲ. ಹುಳುಕು ಮುಂದುವರಿದರೆ ಕೂಲಿಯ ತಾಯಿ ಮಗುವನ್ನೆತ್ತಿಕೊಂಡು ಹೊಸಪೇಟೆಗೋ, ಬಳ್ಳಾರಿಯ ಸರ್ಕಾರಿ ದಂತ ಕಾಲೇಜಿಗೋ ಬಸ್ಸು ಹತ್ತಬೇಕು. ಪ್ರತಿ ಸಲವೂ ಒಂದು ದಿನದ ಕೂಲಿ ಹೋಯಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳ ತಪಾಸಣೆಯ ಪಟ್ಟಿಯಲ್ಲಿ ಹಲ್ಲೂ ಇದೆ. ಒಳ್ಳೆಯದು. ಆದರೆ ಅಂಗನವಾಡಿಗೆ ಬರುವಷ್ಟರಲ್ಲಿ ಎಷ್ಟೋ ಮಕ್ಕಳ ಮುಂದಿನ ಹಲ್ಲು ಕರಗಿರುತ್ತದೆ. ಹೆಚ್ಚಿನ ಮಕ್ಕಳಿಗೆ ಆರನೇ ತಿಂಗಳಿನ ಆಸುಪಾಸಿನಲ್ಲೇ ಮೊದಲ ಹಲ್ಲು ಮೂಡುತ್ತದೆ. ಒಂಬತ್ತನೇ ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆಗೆ ತಾಯಿ ಬಂದೇ ಬರುತ್ತಾಳೆ. ಅಂದೇ ತುಟಿ ಎತ್ತಿ ನೋಡಿ, ಈ ಐದು ಪ್ರಶ್ನೆ ಕೇಳಿ, ಕಾರ್ಡಿನಲ್ಲಿ ‘ಅಪಾಯ ಹೆಚ್ಚು’ ಅಥವಾ ‘ಕಡಿಮೆ’ ಎಂದು ಬರೆದರೆ ಐದು ನಿಮಿಷ ಹಿಡಿದೀತು. ಎರಡನೇ ವರ್ಷದ ಲಸಿಕೆಯಂದು ಮತ್ತೊಮ್ಮೆ ನೋಡಿದರಾಯಿತು. ಹೊಸ ಕಟ್ಟಡ ಬೇಡ, ಹೊಸ ಯಂತ್ರವೂ ಬೇಡ.

ಅಲ್ಲಿಯವರೆಗೆ ಕಾಯಬೇಡಿ. ವರ್ಷ ತುಂಬುವುದರೊಳಗೆ ಮಗುವನ್ನು ಒಮ್ಮೆ ದಂತವೈದ್ಯರಿಗೆ ತೋರಿಸಿ. ತಿಂಗಳಿಗೊಮ್ಮೆ ಬೆಳಕಿಗೆ ಹಿಡಿದು ತುಟಿ ಎತ್ತಿ ನೋಡಿ. ಬೆಲ್ಲ ಬಿಡಬೇಕೆಂದೇನೂ ಇಲ್ಲ. ಊಟದ ಜೊತೆ ಕೊಡಿ, ಮೇಲೆ ನೀರು ಕುಡಿಸಿ. ಅಳುವ ಮಗುವನ್ನು ಸಮಾಧಾನ ಮಾಡಲು ಬೆಲ್ಲವೇ ಬೇಕಿಲ್ಲ, ಎತ್ತಿಕೊಂಡರೂ ಸಾಕು.