ಮಂಚಗಳ ಲೆಕ್ಕವೂ ಔಷಧದಾನವೂ

ಕಪಾಟಿಗೂ ದಾಸ್ತಾನಿಗೂ ಇರುವ ಭೇದವನ್ನು ಕಮರ್ಷಿಯಲ್ ಸ್ಟ್ರೀಟಿನ ಜವಳಿ ವರ್ತಕನಿಗೆ ಯಾರೂ ಕಲಿಸಬೇಕಾಗಿಲ್ಲ. ನೂರು ಕಪಾಟುಗಳಿದ್ದು ಬಟ್ಟೆಯಿಲ್ಲದಿದ್ದರೆ, ಬಟ್ಟೆಯಿದ್ದೂ ಅಳೆದುಕೊಡುವ ಗುಮಾಸ್ತನಿಲ್ಲದಿದ್ದರೆ, ಅದನ್ನು ಅಂಗಡಿಯೆಂದು ಅವನು ಒಪ್ಪಲಾರನು. ಆದರೆ ನಡಿಗೆಯ ದೂರದಲ್ಲಿರುವ ಬೌರಿಂಗ್ ಆಸ್ಪತ್ರೆಯ ಮಾತು ಬಂದೊಡನೆ ಅದೇ ವರ್ತಕನು ಕೇಳುವ ಪ್ರಶ್ನೆ ಒಂದೇ: ಹಾಸಿಗೆಗಳು ಎಷ್ಟು? ಕೋವಿಡ್ ಕಾಲದಲ್ಲಿ ಸರ್ಕಾರವೂ ಪತ್ರಿಕೆಗಳೂ ದಾನಿಗಳೂ ಕೇಳಿದ್ದು ಇದನ್ನೇ. ಈ ಲೆಕ್ಕವು ಮೂಲದಲ್ಲಿಯೇ ತಪ್ಪಾದುದು.

2020ರ ಜುಲೈನಲ್ಲಿ ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರದಲ್ಲಿ 10,100 ಹಾಸಿಗೆಗಳ ಆರೈಕೆ ಕೇಂದ್ರವನ್ನು ಸಜ್ಜುಗೊಳಿಸಲಾಯಿತು. ದೇಶದಲ್ಲಿಯೇ ದೊಡ್ಡದೆಂದು ಅದನ್ನು ಕೊಂಡಾಡಿದರು. ಅಲ್ಲಿ ಇರಿಸಬಹುದಾಗಿದ್ದುದು ರೋಗಲಕ್ಷಣವಿಲ್ಲದವರನ್ನು, ಇಲ್ಲವೇ ಸೌಮ್ಯ ಲಕ್ಷಣದವರನ್ನು ಮಾತ್ರ. ಸೆಪ್ಟೆಂಬರಿನಲ್ಲಿ ಅದನ್ನು ಮುಚ್ಚಿದರು. ಮಂಚಗಳು ವಿದ್ಯಾರ್ಥಿನಿಲಯಗಳಿಗೂ ಆಸ್ಪತ್ರೆಗಳಿಗೂ ಹಂಚಿಹೋದವು. 2021ರ ಮೇ 5ರಂದು ರಾಜ್ಯದಲ್ಲಿ 50,112 ಹೊಸ ಪ್ರಕರಣಗಳು ದಾಖಲಾದವು. ಅವುಗಳಲ್ಲಿ 23,106 ಬೆಂಗಳೂರಿನವು. ಅಂದು ಜನರು ಬೀದಿಬೀದಿ ಅಲೆದದ್ದು ಮಂಚಕ್ಕಾಗಿ ಅಲ್ಲ, ಉಸಿರಿಗಾಗಿ.

ಉಸಿರಿನ ಲೆಕ್ಕವನ್ನೂ ನೋಡಬಹುದು. ಜಂಬೋ ಎಂದು ಕರೆಯುವ ದೊಡ್ಡ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಮ್ಲಜನಕವಿರುತ್ತದೆ. ನಿಮಿಷಕ್ಕೆ 10 ಲೀಟರ್ ಬೇಕಾದ ರೋಗಿಗೆ ಅದು ಹನ್ನೊಂದು ಗಂಟೆಗಳಿಗೂ ಮಿಗಿಲಾಗಿ ಸಾಕು. ರೋಗ ಉಲ್ಬಣಿಸಿ ನಿಮಿಷಕ್ಕೆ 60 ಲೀಟರ್ ಬೇಕಾದಾಗ ಎರಡು ಗಂಟೆಗೂ ಸಾಲದು. ಎರಡೂ ಕಡೆ ಹಾಸಿಗೆ ಒಂದೇ! ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 2021ರ ಮೇ 2 ಮತ್ತು 3ರ ನಡುವೆ, ಮೈಸೂರಿನಿಂದ ಸಿಲಿಂಡರುಗಳು ಬರಬೇಕಾಗಿದ್ದ ಹೊತ್ತಿನಲ್ಲಿ, 24 ರೋಗಿಗಳು ಅಸುನೀಗಿದರು. ಅವರೆಲ್ಲರಿಗೂ ಹಾಸಿಗೆ ದೊರೆತಿತ್ತು. ಮೇ 5ರಂದು ರಾಜ್ಯದ ಉಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು ದಿನಕ್ಕೆ 1,200 ಟನ್ನಿಗೆ ಏರಿಸುವಂತೆ ಕೇಂದ್ರಕ್ಕೆ ಆದೇಶಿಸಬೇಕಾಯಿತು. ದಾಸ್ತಾನು ಬರಿದಾದ ಮೇಲೆ ಖರೀದಿಗೆ ಹೊರಡುವ ವರ್ತಕನಿಗೆ ಪೇಟೆಯಲ್ಲಿ ಏನೆನ್ನುತ್ತಾರೆಂಬುದನ್ನು ಹೇಳಬೇಕಾಗಿಲ್ಲ.

ಬಂದವರ ಲೆಕ್ಕವಾದರೂ ಸಿಕ್ಕಿತು, ಬಾರದವರದು? ಬೌರಿಂಗ್, ವಿಕ್ಟೋರಿಯಾದಂತಹ ಆಸ್ಪತ್ರೆಗಳು ಕೋವಿಡ್ಡಿಗೆ ಮೀಸಲಾದಾಗ ಶಿವಾಜಿನಗರದ ಬಡ ಗರ್ಭಿಣಿಯೂ ಡಯಾಲಿಸಿಸ್ ರೋಗಿಯೂ ಬೇರೆ ಬಾಗಿಲು ಹುಡುಕಬೇಕಾಯಿತು. ದೇಶದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರೆ, 2020ರಲ್ಲಿ 18 ಲಕ್ಷ. ಕ್ಷಯವು ಒಂದೇ ವರ್ಷದಲ್ಲಿ ಇಷ್ಟು ತಗ್ಗಿತೆಂದು ಯಾವ ವೈದ್ಯನೂ ಹೇಳಲಾರನು. ರೋಗ ಉಳಿಯಿತು, ದಾಖಲೆ ತಪ್ಪಿತು.

ಇದಕ್ಕೆ ಕೆಲವರ ಸಮಾಧಾನವೊಂದುಂಟು: ಅವರವರ ಆಯುಃಕರ್ಮ ತೀರಿತ್ತು. ಪರರ ಮರಣಕ್ಕೆ ತಮ್ಮ ಅಲಕ್ಷ್ಯವನ್ನು ಮರೆಮಾಡಲು ಕರ್ಮಸಿದ್ಧಾಂತವನ್ನು ಎಳೆತರುವುದು ಆ ಸಿದ್ಧಾಂತಕ್ಕೆ ಮಾಡುವ ಅವಮಾನ. ಪ್ರಮಾದದಿಂದಾದ ಪ್ರಾಣಹಾನಿಯೇ ಹಿಂಸೆಯೆಂದು ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದ್ದಾರೆ. ಕೊಲ್ಲುವ ಇಚ್ಛೆ ಇರಲೇಬೇಕೆಂದಿಲ್ಲ.

ದಾನಿಗಳೂ ಇದರಿಂದ ಹೊರತಲ್ಲ. 2021ರ ಬೇಸಿಗೆಯಲ್ಲಿ ಆಮ್ಲಜನಕ ಸಾಂದ್ರಕಗಳನ್ನು ಉದಾರವಾಗಿ ಕೊಟ್ಟವರು ಅನೇಕರು. ಅದರಿಂದ ಪ್ರಾಣಗಳು ಉಳಿದದ್ದೂ ನಿಜ. ಆದರೆ ಅಂತಹ ಯಂತ್ರವು ಕೊಡುವುದು ನಿಮಿಷಕ್ಕೆ 5 ಅಥವಾ 10 ಲೀಟರ್. ತೀವ್ರ ರೋಗಿಗೆ ಅದು ಸಾಲದು. ಅದರ ಶೋಧಕವನ್ನು ಕಾಲಕಾಲಕ್ಕೆ ಶುಚಿಮಾಡಬೇಕು. ವೆಂಟಿಲೇಟರ್ ಕೊಟ್ಟರೆ ಅದರ ಬಳಿ ಹಗಲಿರುಳು ನಿಲ್ಲುವ ಪಳಗಿದ ದಾದಿಯೂ ಬೇಕು. ಯಂತ್ರದ ಮೇಲೆ ಹೆಸರು ಕೆತ್ತಿಸಬಹುದು, ದಾದಿಯ ಸಂಬಳದ ಮೇಲೆ ಕೆತ್ತಿಸಲಾಗದು. ಔಷಧದಾನವು ಯಂತ್ರದಲ್ಲಿಯೇ ನಿಂತುಬಿಡಲು ಇದಲ್ಲದೆ ಬೇರೆ ಕಾರಣವಿದ್ದರೆ ದಾನಿಗಳೇ ತಿಳಿಸಲಿ.

ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕ ತೆರೆಯುವ ಮುನ್ನ ಪೇಟೆಯ ಸಂಘಗಳು ತಾವು ಕೊಟ್ಟ ಯಂತ್ರಗಳ ಪಟ್ಟಿ ಹಿಡಿದು ಆಯಾ ಆಸ್ಪತ್ರೆಗಳಿಗೆ ಹೋಗಲಿ. ಎಷ್ಟು ಯಂತ್ರಗಳು ನಡೆಯುತ್ತಿವೆ, ಎಷ್ಟು ಮೂಲೆ ಸೇರಿವೆ, ಅವನ್ನು ನಡೆಸಬಲ್ಲವರು ರಾತ್ರಿಯ ಪಾಳಿಯಲ್ಲಿ ಎಷ್ಟು ಮಂದಿ ಎಂದು ಬರೆದುಕೊಂಡು ಬರಲಿ. ಮುಂದಿನ ಚಂದಾ ಎತ್ತುವುದು ಆ ಬಳಿಕ.